ಮೂವತ್ತೊಂದನೇ ಪೆಟ್ಟಿಗೆ

ಬೆಳಿಗ್ಗೆ ಹತ್ತು ಗಂಟೆಗೆ ವಿನೋದಾ ಕಂಪ್ಯೂಟರಿನ ಗುಂಡಿ ಒತ್ತಿದಳು. ಫ್ಯಾನು ತಿರುಗಿತು, ದೀಪ ಹತ್ತಿತು, ಪರದೆ ಮಾತ್ರ ಕಪ್ಪಾಗಿಯೇ ಉಳಿಯಿತು. ಒಳಗಿನಿಂದ ಕೀಂ ಕೀಂ ಕೀಂ ಎಂದು ಮೂರು ಸಲ ಸದ್ದು ಬಂತು. ಅದರ ಅರ್ಥ ಅವಳಿಗೆ ಗೊತ್ತಿತ್ತು: ರ‍್ಯಾಮ್ ಇಲ್ಲ. ಇರುವುದಾದರೂ ಹೇಗೆ? ಲಾರಿಯ ಕುಲುಕಾಟಕ್ಕೆ ಹಾಳಾದೀತೆಂದು ತಿರುವನಂತಪುರದಲ್ಲಿ ಅವಳೇ ಕಂಪ್ಯೂಟರಿನ ನೆನಪಿನ ಆ ಎರಡು ಪಟ್ಟಿಗಳನ್ನು ಬಿಚ್ಚಿ ತೆಗೆದಿದ್ದಳು. ತೆಗೆದು ಎಲ್ಲಿಟ್ಟೆ ಎಂಬುದು ಮಾತ್ರ ನೆನಪಾಗುತ್ತಿರಲಿಲ್ಲ.

ಸಂಜೆ ಐದರೊಳಗೆ ಎಂಟನೇ ತರಗತಿಯ ಗಣಿತ ಪುಸ್ತಕದ ಹನ್ನೆರಡು ಪುಟ ಮಂಗಳೂರಿನ ಪ್ರಕಾಶಕರಿಗೆ ಹೋಗಬೇಕಿತ್ತು. ಪುಟ ಒಪ್ಪಿಗೆಯಾದರೆ ಇಡೀ ಪುಸ್ತಕದ ಪುಟವಿನ್ಯಾಸ ಅವಳದೇ. ಎಂಟು ಪುಟ ಮುಗಿದಿದ್ದವು. ಉಳಿದ ನಾಲ್ಕರಲ್ಲಿ ಬರೀ ವೃತ್ತಗಳು.

ಗಂಡ ನಿತ್ಯಾನಂದನದು ಬ್ಯಾಂಕಿನ ಕೆಲಸ, ಮೂರು ವರ್ಷಕ್ಕೊಮ್ಮೆ ವರ್ಗ. ಬಳ್ಳಾರಿಯಲ್ಲಿ, ನಾಗಪುರದಲ್ಲಿ, ತಿರುವನಂತಪುರದಲ್ಲಿ ವಿನೋದಾ ಶಾಲೆಗೆ ಸೇರಿದಳು, ಮಕ್ಕಳ ಹೆಸರು ಬಾಯಿಗೆ ಬರುವಷ್ಟರಲ್ಲಿ ಬಿಟ್ಟಳು. ಮೂರು ಶಾಲೆಯವರೂ ಬೀಳ್ಕೊಡುವಾಗ ಗೋಡೆ ಗಡಿಯಾರವನ್ನೇ ಕೊಟ್ಟಿದ್ದರು. ಮೂರೂ ಈಗ ತ್ರಿಪ್ಪುಣಿತ್ತುರದ ಈ ಹೊಸ ಬಾಡಿಗೆ ಮನೆಯ ನೆಲದ ಮೇಲೆ ಸಾಲಾಗಿ ಕುಳಿತು ಟಿಕ್ ಟಿಕ್ ಎನ್ನುತ್ತಿದ್ದವು. ಪುಟವಿನ್ಯಾಸವೊಂದೇ ಅವಳು ಬಿಟ್ಟುಬರಬೇಕಿಲ್ಲದ ಕೆಲಸ.

ಅದಕ್ಕೆಂದೇ ಹದಿಮೂರು ವರ್ಷದ ಹಳೆಯ ಕಂಪ್ಯೂಟರಿಗೆ ಹೊಸ ಮದರ್‌ಬೋರ್ಡು, ಪ್ರೊಸೆಸರು, ರ‍್ಯಾಮ್ ಹಾಕಿಸಿಕೊಂಡದ್ದು. ಹಾಕಿಸಿಕೊಂಡದ್ದೇನು, ಊಟದ ಮೇಜಿನ ಮೇಲೆ ತಾನೇ ಕೂರಿಸಿದ್ದಳು. ತಿರುವನಂತಪುರದ ಕಂಪ್ಯೂಟರ್ ಅಂಗಡಿಯ ವಿನ್ಸೆಂಟ್ ಪಕ್ಕದಲ್ಲಿ ಕೈಕಟ್ಟಿ ನಿಂತು ಹೇಳಿಕೊಟ್ಟಿದ್ದ. ಹೋಗುವಾಗ ರ‍್ಯಾಮ್ ತೋರಿಸಿ, "ಸೂಕ್ಷಿಕ್ಕಣಂ ಚೇಚೀ, ಇದು ಇಪ್ಪೋಳ್ ಸ್ವರ್ಣಮಾಣ್" ಎಂದಿದ್ದ. ಜೋಪಾನ ಅಕ್ಕಾ, ಇದು ಈಗ ಚಿನ್ನ. ಬೆಲೆ ಅಷ್ಟು ಏರಿತ್ತು. ಅದಾಗಿ ಹದಿನೈದು ದಿನಕ್ಕೇ ವರ್ಗದ ಆದೇಶ ಬಂದಿತ್ತು.

ವಿನೋದಾ ಪೆಟ್ಟಿಗೆಗಳ ಪುಸ್ತಕ ತೆರೆದಳು. ಪ್ರತಿ ವರ್ಗದಲ್ಲೂ ಅವಳು ಬರೆಯುವ ಪುಸ್ತಕ ಅದು. ಒಂದರಲ್ಲಿ ದೇವರು, ಎರಡರಲ್ಲಿ ಮಿಕ್ಸಿ, ಹದಿನಾಲ್ಕರಲ್ಲಿ ಕಂಪ್ಯೂಟರು. ರ‍್ಯಾಮ್ ಯಾವ ಸಾಲಿನಲ್ಲೂ ಇಲ್ಲ. ಆದರೂ ಒಂದೊಂದೇ ಪೆಟ್ಟಿಗೆ ಬಿಚ್ಚಿದಳು. ಮುಚ್ಚಿದಳು. ಮುಚ್ಚಿದ್ದನ್ನೇ ಮತ್ತೆ ಬಿಚ್ಚಿದಳು.

"ಕೃಪಾ, ಹಸಿರು ಪಟ್ಟಿ ಎರಡು ಕಂಡಿದ್ಯಾ? ಬಿಳಿ ಬಟ್ಟೆಯಲ್ಲಿ ಸುತ್ತಿದ್ದು?"

"ಎನಿಕ್ಕರಿಯಿಲ್ಲಮ್ಮೇ" ಎಂದಳು ಮಗಳು, ಮೊಬೈಲಿನಿಂದ ತಲೆ ಎತ್ತದೆ. "ಅಮ್ಮ ತನ್ನೆಯಲ್ಲೇ ವೆಚ್ಚದ್?"

ನಂಗೊತ್ತಿಲ್ಲಮ್ಮ, ನೀನೇ ಅಲ್ವಾ ಇಟ್ಟದ್ದು ಎಂಬ ಮಗಳ ಮಲಯಾಳದ ಮಾತು ಚುಚ್ಚಿತು. ಹೌದು, ಅವಳೇ ಇಟ್ಟದ್ದು.

ಹಲ್ಲುಜ್ಜುತ್ತ ಬಂದ ನಿತ್ಯಾನಂದ ಬಾಗಿಲಲ್ಲೇ ನಿಂತ. "ಬಿಳಿ ಬಟ್ಟೆಯಾ? ಬಳೆಗಳ ನಡುವೆ ಒಂದು ಇತ್ತಲ್ಲ ಮಾರಾಯ್ತಿ. ನಾನು ಹಳೇ ಕಾಲದ ಸೊಂಟಪಟ್ಟಿ ಅಂದ್ಕೊಂಡೆ."

ವಿನೋದಾಳ ಕೈ ಪೆಟ್ಟಿಗೆಯ ಮೇಲೇ ನಿಂತಿತು. ಲಾರಿ ಹೊರಡುವ ಬೆಳಿಗ್ಗೆ ಈಗ ಕಣ್ಣಿಗೆ ಕಟ್ಟಿತು. ಬೆಲೆಬಾಳುವುದು ಲಾರಿಯಲ್ಲಿ ಹೋಗಬಾರದು, ಕೈಯಲ್ಲೇ ಇರಬೇಕು. ಅದು ಅವರ ಮನೆಯ ಕಟ್ಟಳೆ. ವಿನ್ಸೆಂಟನ ಮಾತು ನೆನಪಾಗಿ ಒಡವೆಯ ಚೀಲಕ್ಕೇ ತುರುಕಿದ್ದಳು. ಕೈಚೀಲದ್ದನ್ನು ಪುಸ್ತಕದಲ್ಲಿ ಬರೆಯುವ ಅಭ್ಯಾಸವೇ ಇರಲಿಲ್ಲ.

"ಚೀಲ ಎಲ್ಲಿ?"

"ಎಲ್ಲಿ ಅಂದ್ರೆ? ನಿನ್ನೆಯೇ ನಮ್ಮ ಬ್ರಾಂಚಿನ ಲಾಕರಿಗೆ ಹೋಯ್ತಲ್ಲ."

"ಹೋಗಿ ತನ್ನಿ."

"ಇವತ್ತು ಎರಡನೇ ಶನಿವಾರ, ವಿನೋದಾ."

"ನೀವೇ ಆಫೀಸರ್ ಅಲ್ವಾ?"

"ಸೇರಿ ಮೂರು ದಿನ ಆಯ್ತಷ್ಟೆ. ರಜಾದಿನ ಸ್ಟ್ರಾಂಗ್ ರೂಮ್ ತೆಗೆಸಿದ್ರೆ ನಾಲ್ಕನೇ ದಿನ ಮನೆಯಲ್ಲೇ ಇರ್ತೇನೆ. ಆಗ ವರ್ಗದ ತಾಪತ್ರಯವೇ ಇಲ್ಲ, ಬಿಡು."

ಅವಳು ನಗಲಿಲ್ಲ. ಮೆಟ್ರೋ ನಿಲ್ದಾಣದ ಹತ್ತಿರದ ಎರಡು ಅಂಗಡಿಗೆ ಫೋನು ಮಾಡಿದಳು. ಒಂದರಲ್ಲಿ ಯಾರೂ ಎತ್ತಲಿಲ್ಲ. ಇನ್ನೊಂದರಲ್ಲಿ, ಮಾಲು ಸಿಗುತ್ತಿಲ್ಲ ಚೇಚಿ, ಸೋಮವಾರ ನೋಡೋಣ ಎಂದರು. ಹನ್ನೊಂದೂಕಾಲು. ಅಡುಗೆಮನೆಗೆ ಹೋದಳು, ಏಕೆ ಹೋದೆ ಎಂದು ತಿಳಿಯದೆ ವಾಪಸು ಬಂದಳು. ಬಾಲ್ಕನಿಗೆ ಹೋದಳು. ಗಂಡ ಹಿಂದೆ ಹಿಂದೆ ಬಂದ.

"ಒಂದು ಫೋನ್ ಮಾಡಿ ಎರಡು ದಿನ ಕೇಳಿದ್ರಾಯ್ತಪ್ಪ."

"ಮೊದಲನೇ ಕೆಲಸಕ್ಕೇ? ಬಳ್ಳಾರಿಯಲ್ಲೂ ಹಾಗೇ ಹೇಳಿದ್ರಿ, ಒಂದು ತಿಂಗಳು ಕೇಳು, ಶಾಲೆಯವರು ಕಾಯ್ತಾರೆ ಅಂತ. ಯಾರೂ ಕಾಯೂದಿಲ್ಲ."



ಅವಳು ಮತ್ತೆ ಪುಸ್ತಕ ತೆರೆದಳು. ಕಟ್ಟಕಡೆಯ ಸಾಲು: ಮೂವತ್ತೊಂದು, ಹಳೆ ಬೋರ್ಡು ಇತ್ಯಾದಿ. ತಿರುವನಂತಪುರದಲ್ಲಿ ಗಂಡ ಗುಜರಿಗೆ ಕೊಡು ಎಂದು ಎರಡು ಸಲ ಹೇಳಿದ್ದ. ಕೊಟ್ಟಿರಲಿಲ್ಲ. ಹಳೆಯ ಬೋರ್ಡು, ಅದರ ಪ್ರೊಸೆಸರು, ಅದರ ರ‍್ಯಾಮ್, ಪ್ರೊಸೆಸರು ಬಿಸಿಯೇರದಂತೆ ಹಚ್ಚುವ ಅಂಟಿನ ಮಿಕ್ಕಿದ್ದ ಟ್ಯೂಬು, ಔಷಧಿ ಡಬ್ಬಿಯಲ್ಲಿ ಸ್ಕ್ರೂಗಳು. ಹಳೆಯ ರ‍್ಯಾಮ್ ಹೊಸ ಬೋರ್ಡಿಗೆ ಕೂರುವುದಿಲ್ಲ, ಕಚ್ಚಿನ ಜಾಗವೇ ಬೇರೆ. ಹಾಗಾದರೆ ಕೂರಿಸಬೇಕಾದ್ದು ರ‍್ಯಾಮ್ ಒಂದನ್ನೇ ಅಲ್ಲ.

"ಏನು ಮಾಡ್ತೀ?" ಎಂದ ಗಂಡ.

"ಹೊಸತನ್ನ ಬಿಚ್ಚಿ ಹಳೇದನ್ನ ಹಾಕ್ತೇನೆ. ಈ ಟಾರ್ಚ್ ಹಿಡೀರಿ. ಬಾಯಿ ಮಾತ್ರ ತೆಗೀಬೇಡಿ."

ನೆಲದ ಮೇಲೆ ಬೆಡ್‌ಶೀಟ್ ಹಾಸಿ ಕುಳಿತಳು. ಮೊದಲು ವೈರುಗಳಿದ್ದ ಹಾಗೆ ಫೋಟೋ ತೆಗೆದಳು, ಆಮೇಲೆ ಒಂದೊಂದೇ ಎಳೆದಳು. ಬಿಚ್ಚಿದ ಸ್ಕ್ರೂಗಳನ್ನು ಬಿಚ್ಚಿದ ಕ್ರಮದಲ್ಲೇ ತಟ್ಟೆಯಲ್ಲಿ ಇಟ್ಟಳು. ಒಂದು ಉರುಳಿ ಗಡಿಯಾರದ ಕೆಳಗೆ ಹೋಯಿತು. ಕೃಪಾ ಮೊಬೈಲು ಬಿಟ್ಟು ಬಂದು ಹುಡುಕಿಕೊಟ್ಟು ಅಲ್ಲೇ ಕುಳಿತಳು. ಪ್ರೊಸೆಸರಿನ ಮೇಲೆ ಅಂಟನ್ನು ಅಕ್ಕಿಕಾಳಿನಷ್ಟು ಹಚ್ಚಿದಳು. ಒಂದೂವರೆಗೆ ಗುಂಡಿ ಒತ್ತಿದಳು. ಪರದೆಯ ಮೇಲೆ ಬಿಳಿ ಚುಕ್ಕಿಗಳು ಸುತ್ತತೊಡಗಿದವು. ಸುತ್ತಿದವು, ಸುತ್ತಿದವು. ಹತ್ತು ನಿಮಿಷದ ಮೇಲೆ ಅವಳ ಕಡತಗಳು ಕಂಡವು.

ಒಂದು ವೃತ್ತ ಎಳೆದರೆ ಅದು ಮೂಡಲು ಅರ್ಧ ನಿಮಿಷ. ಪ್ರತಿ ವೃತ್ತಕ್ಕೊಮ್ಮೆ ಕಡತವನ್ನು ಸೇವ್ ಮಾಡಿದಳು. ಗಂಡ ತಂದಿಟ್ಟ ಚಹಾ ಆರಿತು. ನಾಲ್ಕೂಮುಕ್ಕಾಲಿಗೆ ಹನ್ನೊಂದು ಪುಟ ಆದವು. ಹನ್ನೆರಡನೆಯದರಲ್ಲಿ ಒಂದರೊಳಗೊಂದು ಏಳು ವೃತ್ತ. ಐದನೆಯದಕ್ಕೆ ಕಂಪ್ಯೂಟರು ಕಲ್ಲಾಯಿತು. ವಿನೋದಾ ಗುದ್ದಲಿಲ್ಲ, ಬೈಯಲಿಲ್ಲ. ಮತ್ತೆ ಶುರುಮಾಡಿ ಹನ್ನೊಂದನ್ನೇ ಕಳಿಸಿ, ಇದ್ದದ್ದನ್ನು ಇದ್ದ ಹಾಗೆ ಬರೆದಳು: ಹನ್ನೆರಡನೆಯ ಪುಟ ಸೋಮವಾರ, ಕಂಪ್ಯೂಟರಿನ ಭಾಗ ಬ್ಯಾಂಕಿನ ಲಾಕರಿನಲ್ಲಿದೆ.

ಏಳು ಗಂಟೆಯವರೆಗೆ ಮನೆಯೊಳಗೆ ನಡೆದಾಡಿದಳು. ಆಮೇಲೆ ಪ್ರಕಾಶಕರ ಕಡೆಯ ದಾಮೋದರ ಅವರ ಫೋನು ಬಂತು.

"ಪುಟ ಒಳ್ಳೇದುಂಟಮ್ಮ, ಮುಂದುವರಿಸಿ. ಆದ್ರೆ ಆ ಲಾಕರ್ ಎಂತದು? ನಾವಿಲ್ಲಿ ಮೂರು ಜನ ಓದಿದೆವು, ಯಾರಿಗೂ ತಲೆಬುಡ ಆಗ್ಲಿಲ್ಲ."

ಸೋಮವಾರ ಅವಳೂ ಬ್ಯಾಂಕಿಗೆ ಹೋದಳು. ಚೀಲದಿಂದ ಬಿಳಿ ಬಟ್ಟೆಯ ಗಂಟು ತೆಗೆದು, ಬಳೆಗಳನ್ನು ಹಾಗೇ ಒಳಗೆ ಬಿಟ್ಟು, ಲಾಕರಿನ ಬಾಗಿಲು ತಳ್ಳಿದಳು. ಹೊರಬರುವಾಗ ಪೆಟ್ಟಿಗೆಗಳ ಪುಸ್ತಕ ತೆಗೆದು ಮೂವತ್ತೊಂದರ ಕೆಳಗೆ ಬರೆದಳು: ಕೈಚೀಲ.