ಬಲಗಾಲಿನ ಗೆಜ್ಜೆ

ಗಜೇಂದ್ರಗಡದ ನಮ್ಮ ಮನೆಯಲ್ಲಿ ಕೈಮಗ್ಗವಿತ್ತು. ಅವ್ವ ಅಡುಗೆಗೆ ಎದ್ದಾಗ ಮಗ್ಗಕ್ಕೆ ಕೂರುವ ಪಾಳಿ ನನ್ನದು. ಮಗ್ಗದ ಕೆಳಗಿನ ಕುಣಿಯೊಳಗೆ ಕಾಲು ಇಳಿಬಿಟ್ಟು ಎರಡು ಹಲಗೆಗಳನ್ನು ಒಂದಾದ ಮೇಲೊಂದು ತುಳಿಯಬೇಕು. ನಮ್ಮ ಮಗ್ಗದ ಬಲಗಡೆಯ ಹಲಗೆ ಬಿಗಿ. ಜೋರಾಗಿ ತುಳಿಯದಿದ್ದರೆ ಲಾಳಿ ಹಾಯುವಷ್ಟು ನೂಲು ಬಾಯಿ ಬಿಡುತ್ತಿರಲಿಲ್ಲ.

ಭರತನಾಟ್ಯ ಕಲಿಯಲು ಧಾರವಾಡಕ್ಕೆ ಹೋದಾಗ ಆ ರೂಢಿಯೂ ಜೊತೆಗೆ ಬಂತು. ಗುರುಗಳು ಮೊದಲ ವಾರವೇ ಹೇಳಿದರು: "ನಿನ್ನ ಎಡಗಾಲು ಕುಣೀತದ, ಬಲಗಾಲು ಸೀರಿ ನೇಯ್ತದ." ಏಳು ವರ್ಷ ತಿದ್ದಿದರು, ಬೈದರು, ಕೊನೆಗೆ ಕೈಬಿಟ್ಟರು. ನಾನೇ ಒಂದು ಉಪಾಯ ಹುಡುಕಿದೆ. ಎಡಗಾಲಿಗೆ ಐವತ್ತು ಗೆಜ್ಜೆ, ಬಲಗಾಲಿಗೆ ಮೂವತ್ತು. ಕೇಳುವವರಿಗೆ ಎರಡೂ ಸಮ. ಒಂದು ತಂಡದ ಹಿಂದಿನ ಸಾಲಿನಲ್ಲಿ ಎಂಟು ವರ್ಷ ಊರೂರು ಕುಣಿದೆ, ಒಬ್ಬರಿಗೂ ಗೊತ್ತಾಗಲಿಲ್ಲ. ಜಾಣೆ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡದ್ದೂ ಉಂಟು.

ಈಗ ರೋಣದಲ್ಲಿ ಕಲಿಸುತ್ತೇನೆ. ಸವಡಿಯಿಂದ ಬಸ್ಸಿನಲ್ಲಿ ಬರುವ ಒಬ್ಬ ಹುಡುಗಿ ಎಲ್ಲರಿಗಿಂತ ಚುರುಕು. ನನ್ನ ಕಾಲು ನೋಡಿ ನೋಡಿ ಅವಳ ಬಲಗಾಲೂ ಜೋರಾಗುತ್ತಿರುವುದು ನನಗೆ ಕೇಳಿಸಿತ್ತು. ತಿದ್ದುವ ಬದಲು ಅವಳ ಬಲಗಾಲಿನ ಗೆಜ್ಜೆಯಿಂದಲೂ ಇಪ್ಪತ್ತು ಬಿಚ್ಚಿಟ್ಟು ಹೋದ ವರ್ಷ ಜೂನಿಯರ್ ಪರೀಕ್ಷೆಗೆ ಕರೆದೊಯ್ದೆ. ಅವಳ ಅಪ್ಪ ಬಟ್ಟೆ ಅಂಗಡಿಯವರು. ಪಾಸಾದರೆ ಕಲಿಯಲಿ, ಇಲ್ಲವಾದರೆ ಸಾಕು ಎಂದು ಕರಾರು ಹಾಕಿ ಅವರೂ ಜೊತೆಗೆ ಬಂದಿದ್ದರು.

ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಪರೀಕ್ಷಕರು ಅವಳ ಬಲಗಾಲಿನ ಕಡಿಮೆ ಗೆಜ್ಜೆ ನೋಡಿ ಕೈ ಎತ್ತಿ ನಿಲ್ಲಿಸಿದರು.

"ಗೆಜ್ಜಿ ಬಿಚ್ಚವಾ. ಈಗ ಹೆಜ್ಜಿ ಹಾಕು."

ಬರಿಗಾಲಲ್ಲಿ ಎಡಗಾಲು ತಪ್ ಎಂದಿತು, ಬಲಗಾಲು ಧಪ್ ಎಂದಿತು. ಮಗ್ಗದ ಮುಂದೆ ಒಂದು ದಿನವೂ ಕೂತವಳಲ್ಲ ಅವಳು. ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ. ಹುಡುಗಿ ಫೇಲಾದಳು.

ಫಲಿತಾಂಶ ಬಂದ ದಿನ ಅಂಗಡಿಗೆ ಹೋಗಿ ಅವಳ ಅಪ್ಪನ ಮುಂದೆ ಅವಳ ಎರಡೂ ಕಾಲಿನ ಗೆಜ್ಜೆ ಇಟ್ಟು ಎಲ್ಲ ಹೇಳಿದೆ.

"ಆಕಿ ತಪ್ಪಲ್ರಿ, ನಂದು."

ಅವರು ಎರಡನ್ನೂ ಎರಡು ಕೈಯಲ್ಲಿ ಹಿಡಿದು ತೂಗಿ ನೋಡಿದರು. "ಹಂಗಾರ ಮೊದಲ ನೀವು ಕಾಲು ತಿದ್ಕೋರಿ, ಟೀಚರ್. ಸಮ ಆತಂತ ಆಕಿನ ಹೇಳಲಿ. ಆವತ್ತ ಪರೀಕ್ಷಾದ ಫಾರ್ಮಿಗೆ ಸಹಿ ಮಾಡ್ತೀನಿ."

ಮಕ್ಕಳು ನನ್ನ ಕಾಲು ನೋಡಿ ಕಲಿಯಬಾರದೆಂದು ಅಂದಿನಿಂದ ತರಗತಿಯಲ್ಲಿ ಕೂತೇ ಕಲಿಸುತ್ತೇನೆ. ಭಾನುವಾರ ಬೆಳಿಗ್ಗೆ ಮಾತ್ರ ಬರಿಗಾಲಲ್ಲಿ ಹೆಜ್ಜೆ ಹಾಕುತ್ತೇನೆ. ಹುಡುಗಿ ಗೋಡೆಗೆ ಮುಖ ಮಾಡಿ ಕೂತು ಕೇಳುತ್ತಾಳೆ. ನಲವತ್ತು ದಾಟಿದ ಕಾಲು ಸುಲಭಕ್ಕೆ ಮಾತು ಕೇಳುವುದಿಲ್ಲ.

ಮೊನ್ನೆಯದು ಈ ವರ್ಷದ ಫಾರ್ಮು ತುಂಬಲು ಉಳಿದಿದ್ದ ಕೊನೆಯ ಭಾನುವಾರ. ಸಮ ಆಯಿತು ಎಂದು ಅವಳು ಒಂದು ಸುಳ್ಳು ಹೇಳಿದ್ದರೆ ಅವಳ ದಾರಿ ಸಲೀಸಾಗುತ್ತಿತ್ತು. ಹೇಳಿಬಿಡಲಿ ಎಂದು ನಾನೂ ಒಳಗೊಳಗೇ ಕಾದೆ. ಅವಳು ಗೋಡೆ ಬಿಟ್ಟು ನನ್ನ ಕಡೆ ತಿರುಗಿದಳು.

"ಇಲ್ರಿ ಟೀಚರ್," ಎಂದಳು. "ಬಲಗಾಲು ಇನ್ನೂ ಜೋರ ಐತ್ರಿ."

ನಾನು ಮತ್ತೆ ಮೊದಲ ಹೆಜ್ಜೆಯಿಂದ ಶುರುಮಾಡಿದೆ.