ಐದರಲ್ಲಿ ಎರಡನೆಯ ಬಾಟಲಿ

ಸಾವರ್ಡೆಯ ಹೊಳೆ ಹಿಂದಕ್ಕೆ ಹರಿಯುತ್ತಿತ್ತು. ಊರಿಗೆ ಹೋದಾಗ ಇದನ್ನು ಹೇಳಿದರೆ ನಕ್ಕು ಬೆನ್ನು ತಟ್ಟಿದರೇ ಹೊರತು ಒಬ್ಬರೂ ನಂಬಲಿಲ್ಲ. ಧಾರವಾಡದ ಕಡೆಯ ನಮಗೆ ಹಳ್ಳ ಗೊತ್ತು, ಕೆರೆ ಗೊತ್ತು. ಎಲ್ಲೋ ದೂರದಲ್ಲಿ ಸಮುದ್ರ ಉಬ್ಬಿದರೆ ಇಲ್ಲಿ ಹೊಳೆ ನಿಂತು, ಯೋಚಿಸಿ, ಬಂದ ದಾರಿಗೇ ತಿರುಗುತ್ತದೆ ಎಂದರೆ ಯಾರು ನಂಬಬೇಕು? ಒಮ್ಮೆ ಒಗೆಯುವಾಗ ಅವ್ವನ ಸೀರೆಯೊಂದು ಕೈತಪ್ಪಿ ಹೋಯಿತು. ಮಧ್ಯಾಹ್ನ ತಾನಾಗಿ ವಾಪಸು ಬಂದು ಅದೇ ಕಲ್ಲಿಗೆ ತಗುಲಿಕೊಂಡಿತ್ತು. ಹೋಗಿದ್ದು ಹಸಿರು ಸೀರೆ, ಬಂದದ್ದು ಕೆಂಪು. ಅವ್ವ ಅದನ್ನು ಮತ್ತೆ ಉಡಲಿಲ್ಲ.

ಆ ಕೆಂಪು ಕಬ್ಬಿಣದ ಗಣಿಯ ಮಣ್ಣಿನದು. ಎಂಬತ್ತರ ದಶಕ ಮುಗಿಯುತ್ತಾ ಬಂದ ಕಾಲ. ಹೊಳೆಗೆ ಸೇರುವ ಒಂದು ಸಣ್ಣ ಹಳ್ಳದ ದಂಡೆಗೆ ನಮ್ಮ ಜೋಪಡಿಗಳ ಸಾಲು. ಎಲ್ಲರೂ ದುಡಿಯಲು ವಲಸೆ ಬಂದ ನಮ್ಮ ಕಡೆಯವರೇ, ಗಂಡಸರೆಲ್ಲ ಬಾರ್ಜಿಗೆ, ಅಂದರೆ ದೊಡ್ಡ ಸರಕು ದೋಣಿಗೆ, ಅದಿರು ತುಂಬುವವರು. ಅಪ್ಪ ತೀರಿಕೊಂಡಿದ್ದ. ನಾನು ಮತ್ತು ಅವ್ವ ಇಬ್ಬರೇ. ಪಿಯುಸಿ ಮುಗಿಸಿದ್ದೇನೆಂಬ ಜಂಬದಲ್ಲಿ ನಾನು ಮಣ್ಣು ಹೊರಲು ಒಲ್ಲೆನೆಂದು ಬೆಳಗಾವಿಯ ಶೆಟ್ಟರೊಬ್ಬರ ಅಂಗಡಿಯಲ್ಲಿ ಮಧ್ಯಾಹ್ನದವರೆಗೆ ದುಡಿಯುತ್ತಿದ್ದೆ.

ಅಲ್ಲಿಗೇ ಒಂದು ದಿನ ಪಣಜಿಯಿಂದ ಸಾಹೇಬರೊಬ್ಬರು ಬಂದರು. ನೀರು ಪರೀಕ್ಷಿಸುವವರು, ಧಾರವಾಡದಲ್ಲಿ ಓದಿದವರು. ಓದು ಬರಹ ಬಲ್ಲ ಹುಡುಗ ಬೇಕಿತ್ತು ಅವರಿಗೆ.

"ಹೊಳಿ ಹೊಲಸಾಗೇತಿ ಅಂತ ಎಲ್ಲಾರೂ ಒದರತಾರ. ಯಾರಿಂದ ಎಷ್ಟು ಅಂತ ಒಬ್ಬರೂ ಹೇಳಂಗಿಲ್ಲ. ಹೊಲಸು ಮಾಡೋದ್ರಾಗ ಒಂದನೇ ನಂಬರ್ ಯಾರದು, ಐದನೇದು ಯಾರದು, ಅದು ಬೇಕು ನನಗ. ಒಂದನೇ ನಂಬರ್ ಬಂದವರನ್ನ ಮೊದಲು ಹಿಡಿತಾರ" ಎಂದರು.

ವಾರಕ್ಕೊಮ್ಮೆ ಐದು ಜಾಗದಿಂದ ಐದು ಬಾಟಲಿ ನೀರು. ಮೊದಲನೆಯದು ಮೇಲೆ ಕಾಡಿನ ಹತ್ತಿರ. ಎರಡನೆಯದು ಗಣಿಯ ಕಾಲುವೆ ಹೊಳೆಗೆ ಬೀಳುವಲ್ಲಿ. ಮೂರನೆಯದು ಬಾರ್ಜು ನಿಲ್ಲುವ ಧಕ್ಕೆ, ನಾಲ್ಕನೆಯದು ಪೇಟೆಯ ಗಟಾರ. ಐದನೆಯದು ನಮ್ಮ ಜೋಪಡಿಗಳ ಹಳ್ಳ. ನನಗೆ ಒಳಗೊಳಗೇ ಖುಷಿ. ಒಂದನೇ ನಂಬರ್ ಯಾರದೆಂದು ಕುರುಡನೂ ಹೇಳುತ್ತಿದ್ದ! ಮನೆಗೆ ಬಂದು ಅವ್ವನಿಗೆ, "ಪಣಜಿ ಸಾಹೇಬ್ರು ಇನ್ನ ಮ್ಯಾಲೆ ನಮ್ಮ ನೀರು ನೋಡ್ತಾರವ್ವ" ಎಂದು ಕೊಚ್ಚಿಕೊಂಡೆ.

ಬೆಳಗಿನ ಜಾವ ಅಲ್ಲಿಯವನೇ ಆದ ಒಬ್ಬ ಮುದುಕ ದೋಣಿಯಲ್ಲಿ ನನ್ನನ್ನು ಕರೆದೊಯ್ಯುತ್ತಿದ್ದ. ದಾರಿಯುದ್ದಕ್ಕೂ ಹರಟುವ ಆಸಾಮಿ ಗಣಿಯ ಕಾಲುವೆ ಹತ್ತಿರವಾದಂತೆ ಬಾಯಿ ಮುಚ್ಚುತ್ತಿದ್ದ. ಅಲ್ಲಿ ಕಪ್ಪೆ ಇಲ್ಲ, ಕೊಕ್ಕರೆ ಇಲ್ಲ. ನೀರು ಗಂಜಿಯ ಹಾಗೆ ದಪ್ಪ. ಹುಟ್ಟು ಹಾಕಿದರೂ ಸದ್ದಿಲ್ಲ. ದಂಡೆಯ ಮರಗಳು ಎದೆಮಟ್ಟದವರೆಗೆ ಕೆಂಪು ಬಳಿದುಕೊಂಡು ಸುಮ್ಮನೆ ನಿಂತಿರುತ್ತಿದ್ದವು. ಬಾಟಲಿ ಮುಳುಗಿಸಿದರೆ ನನ್ನ ಕೈ ಮಣಿಕಟ್ಟಿನವರೆಗೆ ಕಾಣದಾಗುತ್ತಿತ್ತು. ಯಾರೋ ಕೆಳಗಿನಿಂದ ಹಿಡಿದುಕೊಂಡರೆ ಎಂದು ಪ್ರತಿ ಸಲವೂ ಹೆದರಿದ್ದೇನೆ, ಸುಳ್ಳೇಕೆ ಹೇಳಲಿ. ಮುದುಕ ದೇವಚಾರನಿಗೆಂದು ಒಂದು ಬೀಡಿ ನೀರಿಗೆ ಬಿಡುತ್ತಿದ್ದ. ದೇವಚಾರ ಎಂದರೆ ಅಲ್ಲಿನವರ ಊರ ಗಡಿ ಕಾಯುವ ಭೂತ.

ಬಾಟಲಿಗಳನ್ನು ಮನೆಯ ಮೂಲೆಯಲ್ಲಿಟ್ಟು ಅಂಗಡಿಗೆ ಹೋಗುತ್ತಿದ್ದೆ. ಮಧ್ಯಾಹ್ನ ಬಂದು ಅವನ್ನು ಚೀಲಕ್ಕೆ ಹಾಕಿಕೊಂಡು ಪಣಜಿಯ ಬಸ್ಸು ಹಿಡಿಯುವುದು. ಮೊದಲನೆಯ ವಾರವೇ ಚೀಲಕ್ಕೆ ಹಾಕಲು ಎತ್ತಿದವನು ಮತ್ತೆ ಕೆಳಗಿಟ್ಟೆ. ಎರಡನೆಯ ಬಾಟಲಿ ತಿಳಿಯಾಗಿತ್ತು. ತಳದಲ್ಲಿ ಒಂದು ಚಿಟಿಕೆ ಮಣ್ಣಿಲ್ಲ. ಆಚೆ ಹಿಡಿದರೆ ಅದರೊಳಗಿಂದ ಗೋಡೆಯ ಮೊಳೆ ಕಾಣುತ್ತಿತ್ತು. ಚೀಟಿ ನನ್ನದೇ, ಅಕ್ಷರ ನನ್ನದೇ.

"ಅವ್ವ, ಬಾಟ್ಲಿ ಯಾರರ ಮುಟ್ಟಿದ್ರೇನು?"

"ಯಾರ ಮುಟ್ಟತಾರೋ? ಮುಂಜಾನಿಂದ ನಾನ ಕಾಯಾಕತ್ತೇನಿ."

ಮುಂದಿನ ವಾರ ಬೂಚಿಗೆ ದಾರ ಸುತ್ತಿ ಗಂಟು ಹಾಕಿದೆ. ಗಂಟು ಹಾಕಿದ ಹಾಗೆಯೇ ಇತ್ತು, ನೀರು ಮಾತ್ರ ತಿಳಿ. ಮೂರನೆಯ, ನಾಲ್ಕನೆಯ ಬಾಟಲಿಗಳೂ ಅಷ್ಟೇ. ಮುದುಕನಿಗೆ ಹೇಳಿದೆ. ಅವನು ಹುಟ್ಟು ನಿಲ್ಲಿಸಿ ನನ್ನನ್ನೇ ನೋಡಿದ. "ದೇವಚಾರ, ಪುತಾ. ಅವನ ಬಣ್ಣ ಅವನು ವಾಪಸ್ ತಗೋತಾನೆ. ಕೇಳಬೇಡ" ಎಂದು ತನ್ನ ಅರೆಬರೆ ಕನ್ನಡದಲ್ಲಿ ಹೇಳಿದ. ನಾನು ಮತ್ತೆ ಕೇಳಲಿಲ್ಲ. ಸಾಹೇಬರಿಗೂ ಹೇಳಲಿಲ್ಲ, ಹೇಳಿದರೆ ಇವನೇ ದಾರಿಯಲ್ಲಿ ನೀರು ಬದಲಿಸಿದ ಎಂದಾರೆಂದು ಅಂಜಿಕೆ. ಮಳೆಗಾಲದವರೆಗೂ ಹೀಗೇ ನಡೆಯಿತು. ಆ ಬಾಟಲಿಯಿದ್ದ ಚೀಲವನ್ನು ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಳ್ಳುವ ಧೈರ್ಯವಾಗದೆ ಕಾಲ ಬಳಿ ಇಟ್ಟುಕೊಳ್ಳುತ್ತಿದ್ದೆ.

ಪರೀಕ್ಷೆಯೆಲ್ಲ ಮುಗಿದ ಮೇಲೆ ಸಾಹೇಬರು ಪಣಜಿಯ ಕಚೇರಿಗೆ ಕರೆಸಿ ಚಹಾ ಕುಡಿಸಿ ಪಟ್ಟಿ ಓದಿದರು.

"ನೋಡು ತಮ್ಮಾ, ಕಣ್ಣು ಹೆಂಗ ಮೋಸ ಮಾಡತೈತಿ! ಗಣಿ ನೀರು ಕೊನೀಗೆ ಬಂದೈತಿ. ಒಂದನೇ ನಂಬರ್ ಐದನೇ ಬಾಟ್ಲಿ."

ನಮ್ಮ ಹಳ್ಳ. ನಮ್ಮ ಜೋಪಡಿ ಸಾಲು. ಚಹಾದ ಲೋಟ ಮೇಜಿನ ಮೇಲಿಟ್ಟು ಎದ್ದೆ.

ಮನೆಗೆ ಬಂದವನೇ ಅವ್ವನ ಮುಂದೆ ಕೂತೆ. ಪಟ್ಟಿಯ ಮಾತು ಎತ್ತದೆ, "ಖರೇ ಹೇಳವ್ವ, ಆ ಎರಡನೇ ಬಾಟ್ಲಿಗೆ ಏನಾತು?" ಎಂದೆ. ಅವಳು ಮುಖ ಅರಳಿಸಿದಳು. ಹೊಗಳಲು ಬಂದೆನೆಂದುಕೊಂಡಳೋ ಏನೋ.

"ಏನಾಗ್ತೈತಿ? ಸಾಹೇಬ್ರು ನಮ್ಮ ನೀರು ನೋಡ್ತಾರ ಅಂದಿ. ಕನ್ಯಾ ನೋಡಾಕ ಬಂದ್ರ ಮಾರಿ ತೊಳೀದ ಕುಂದರಸ್ತಾರೇನು? ಆ ರಾಡಿ ನೋಡಿದ್ರ ನಾಳೆ ನನ್ನ ಮಗನ್ನ ಏನಂದಾರು? ಪಟಕದ ಕಲ್ಲು ತಿರುವಿ ಬಿಟ್ಟೆ. ಹೊತ್ತೇರೋದರಾಗ ತಿಳಿ ಆತು. ಅರಿವ್ಯಾಗ ಸೋಸಿ, ಕೆಳಗಿನ ರಾಡಿ ಚೆಲ್ಲಿ, ಕಡಿಮಿ ಬಿದ್ದಷ್ಟು ನಳದ ನೀರು ಹಾಕಿದೆ. ನಿನ್ನ ಗಂಟು ಹೆಂಗಿತ್ತೋ ಹಂಗ ಕಟ್ಟಿದೆ. ಮೂರನೇದಕ್ಕೂ ನಾಕನೇದಕ್ಕೂ ಹಂಗ."

"ಐದನೇದು?"

"ಅದು ನಮ್ಮ ಹಳ್ಳದ್ದೋ! ಕನ್ನಡಿ ಆಗಿತ್ತು. ಅದಕ್ಕ್ಯಾಕ ಕೈ ಹಚ್ಚಲಿ?"

ನಮ್ಮೂರಿನ ಪ್ರತಿ ಮನೆಯಲ್ಲೂ ಕೆರೆಯ ನೀರು ತಂದ ಹೆಂಗಸು ಮೊದಲು ಮಾಡುವ ಕೆಲಸವೇ ಅದು. ರಾಡಿಯನ್ನು ತಳಕ್ಕಿಳಿಸುವ ಆ ಪಟಕವನ್ನು ಕೊಡದಲ್ಲಿ ತಿರುವದೆ ಪರರಿಗೆ ನೀರು ಕೊಟ್ಟರೆ ಮನೆಯ ಮಾನ ಹೋಯಿತೆಂದೇ ಲೆಕ್ಕ. ಅಷ್ಟು ವಾರ ನಾನು ಹೆದರಿ ಸತ್ತದ್ದು ಹೆತ್ತವಳ ಕೈಗೆ! ದೇವಚಾರನೇ ಆಗಿದ್ದರೆ ಎಷ್ಟೋ ವಾಸಿ ಇತ್ತು.

ಮರುದಿನವೇ ಪಣಜಿಗೆ ಹೋಗಿ ಸಾಹೇಬರ ಮುಂದೆ ನಿಂತು ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಎಷ್ಟು ವಾರ?"

"ಎಲ್ಲಾ ವಾರ ರೀ."

ಕನ್ನಡಕವನ್ನು ಮತ್ತೆ ಏರಿಸಿಕೊಂಡರು. ಆಮೇಲೆ ಬಾಗಿಲ ಕಡೆ ನೋಡಿ ಸಣ್ಣ ದನಿಯಲ್ಲಿ ಹೇಳಿದರು: "ಕಾಗದ ಮ್ಯಾಲಿನವರ ಕೈಗೆ ಹೋಗೇತಿ. ಚೀಟಿ ಎಲ್ಲಾ ನಿನ್ನ ಅಕ್ಷರ, ಸಹಿ ನಂದು. ಇಬ್ಬರೂ ಮುಳುಗತೇವಿ. ಮತ್ತ ಐದನೇ ಬಾಟ್ಲಿ ಸುಳ್ಳೇನಲ್ಲಲ್ಲ? ಅದರಾಗಿದ್ದ ಹೊಲಸು ಖರೇನ ಐತಿ."

ಅದು ನಿಜವೇ. ಸಂಡಾಸಿಲ್ಲದ ಅಷ್ಟು ಮನೆಗಳ ಎಲ್ಲವೂ ಕನ್ನಡಿಯಂಥ ಆ ಹಳ್ಳಕ್ಕೇ ಹೋಗುತ್ತಿತ್ತು, ಮಕ್ಕಳಿಗೆ ಪ್ರತಿ ಮಳೆಗಾಲ ವಾಂತಿಭೇದಿ. ಆದರೂ ಒಂದನೇ ನಂಬರ್ ನಾವಲ್ಲ ಸಾಹೇಬ್ರ ಎಂದು ಕೂಗಬೇಕಿತ್ತು. ಥೂ! ಹೂಂ ಎಂದು ಬಂದುಬಿಟ್ಟೆ.

ದೀಪಾವಳಿಗೆ ಮೊದಲೇ ಹಳ್ಳದ ಮರಕ್ಕೆ ನೋಟೀಸು ಅಂಟಿಸಿದರು. ಓದಲು ನನ್ನನ್ನೇ ಕರೆದರು. ಜೋಪಡಿ ತೆಗೆಯಬೇಕು, ಹೊಳೆ ಕೆಡಿಸುವವರಲ್ಲಿ ನೀವೇ ಮೊದಲಿಗರು ಎಂದಿತ್ತು. ಪಕ್ಕದ ಮನೆಯ ಮುದುಕಿ, "ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರಿ ಹಾಕ್ಯಾರಲ್ಲೋ!" ಎಂದಳು. ಕೆಲವರು ನಕ್ಕರು. ನಾವೇ ಮೊದಲಿಗರೆಂದು ಯಾರು ಹೇಳಿದರೆಂದು ಯಾರೋ ಕೇಳಿದರು. ಪಣಜಿಯವರು ಎಂದೆ.

ಅವ್ವ ಸೆರಗು ಸಿಕ್ಕಿಸಿ ಮುಂದೆ ಬಂದಳು. "ನಡೀರಿ, ನಾ ಬರ್ತೀನಿ ಪಣಜಿಗೆ. ಕಣ್ಣಿಲ್ಲೇನು ಅವರಿಗೆ? ಗಣಿ ನೀರು ಹೆಂಗಿರತೈತಿ ನನ್ನ ಕೇಳ್ರಿ. ನನ್ನ ಕೈಯಾರ ನಾನ ತಿಳಿ ಮಾಡಿ..."

ಅಷ್ಟಕ್ಕೇ ನಿಂತಳು. ಎಲ್ಲರೂ ಇನ್ನೂ ನೋಟೀಸನ್ನೇ ನೋಡುತ್ತಿದ್ದರು. ಅವಳು ಮಾತ್ರ ನನ್ನನ್ನು ನೋಡಿದಳು.

ಜೋಪಡಿ ಕೀಳುವ ದಿನ ಅವ್ವ ಮೊದಲು ಎಲ್ಲರ ಮನೆಯ ಪಾತ್ರೆಪಗಡ ಲಾರಿಗೆ ಏರಿಸಿಕೊಟ್ಟಳು, ನಮ್ಮದು ಕೊನೆಗೆ. ಮಧ್ಯಾಹ್ನ ಹೊಳೆ ತಿರುಗಿತು. ಕೆಂಪು ನೀರು ಸದ್ದಿಲ್ಲದೆ ನಮ್ಮ ಹಳ್ಳದೊಳಗೆ ಏರುತ್ತಾ ಬಂದು, ಒಗೆಯುವ ಕಲ್ಲುಗಳನ್ನು ಒಂದೊಂದಾಗಿ ಮುಚ್ಚಿತು. ಅದನ್ನು ನೋಡುತ್ತಲೇ ಅವಳು ಕೇಳಿದಳು:

"ಮಂದಿಗೆ ಹೇಳಿಬಿಡ್ಲೇನೋ?"

"ಬ್ಯಾಡವ್ವ" ಎಂದೆ.

ಅವ್ವ ಹೇಳಲಿಲ್ಲ. ಆಮೇಲೆ ಹದಿನಾಲ್ಕು ವರ್ಷ ನನ್ನ ಜೊತೆಗೇ ಬದುಕಿದಳು, ನಗುತ್ತಿದ್ದಳು, ಬೈಯುತ್ತಿದ್ದಳು. ನನ್ನ ಕೈಯಿಂದ ಒಂದು ತಂಬಿಗೆ ನೀರು ಮಾತ್ರ ಇಸಿದುಕೊಳ್ಳಲಿಲ್ಲ. ಕೊನೆಯ ಕಾಯಿಲೆಯಲ್ಲೂ ಗೋಡೆ ಹಿಡಿದು ಎದ್ದು ಹೋಗಿ ತಾನೇ ತುಂಬಿಕೊಂಡು ಕುಡಿಯುತ್ತಿದ್ದಳು.