ತೋಳಿಗೆ ತಕ್ಕ ತೂಕ

ನಾನು ಮರದಿಂದ ಬಿದ್ದವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮ ತಿಪಟೂರು ಸೀಮೆಯಲ್ಲಿ ಸೊಂಟ ಮುರಿದವನನ್ನು ಕಂಡರೆ ಎಲ್ಲರೂ ತೆಂಗಿನ ಮರದ ಮೇಲೆಯೇ ತಪ್ಪು ಹೊರಿಸುತ್ತಾರೆ. ನಾನು ಬಿದ್ದದ್ದು ಮನೆಯ ಒಳಗೆ, ಕಾಯಿ ತುಂಬಿದ ಅಟ್ಟದಿಂದ. ನಮ್ಮಲ್ಲಿ ಕಾಯನ್ನು ಸುಲಿಯದೆ ಹಾಗೇ ಅಟ್ಟಕ್ಕೆ ಹಾಕಿ ಹತ್ತು ಹನ್ನೆರಡು ತಿಂಗಳು ಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪನ್ನು ಬಿಟ್ಟು ಉಂಡೆ ಕೊಬ್ಬರಿಯಾಗುತ್ತದೆ. ಆಗಿದೆಯೋ ಇಲ್ಲವೋ ತಿಳಿಯಬೇಕಾದರೆ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಗಡಗಡ ಎಂದರೆ ಆಯಿತು. ಆ ಕೆಲಸಕ್ಕೆಂದೇ ಹತ್ತಿದ್ದೆ. ಹಳೆಯ ಬಿದಿರ ದಬ್ಬೆ ಲಟಕ್ಕನೆ ಮುರಿಯಿತು. ಕೆಳಗೆ ಒರಳುಕಲ್ಲಿತ್ತು. ನನಗಾಗ ಇಪ್ಪತ್ತಾರು ವರ್ಷ, ಮದುವೆಯಾಗಿರಲಿಲ್ಲ.

ಬೆಂಗಳೂರಿನ ಆಸ್ಪತ್ರೆಯಲ್ಲಿ ಮೂರು ತಿಂಗಳು ಮಲಗಿಸಿದರು. ಕಳಿಸುವ ದಿನ ಡಾಕ್ಟರು ನನ್ನ ಎರಡೂ ಕೈ ಹಿಡಿದು ನೋಡಿ, "ಕಾಲು ಇನ್ನು ಬರಲ್ಲಪ್ಪ. ಕೈ ಇದೆಯಲ್ಲ, ಅದನ್ನ ಬೆಳೆಸು. ನಿನ್ನ ಮೈಯನ್ನ ನಿನ್ನ ಕೈಯೇ ಎತ್ತಬೇಕು" ಎಂದರು. ಹೇಗೆ ಬೆಳೆಸುವುದು, ಏನು ಕೊಳ್ಳುವುದು, ಯಾವುದನ್ನೂ ಹೇಳಲಿಲ್ಲ. ಕೇಳುವಷ್ಟು ಬುದ್ಧಿ ನನಗೂ ಇರಲಿಲ್ಲ, ಕೋಪ ಮಾತ್ರ ಬೇಕಾದಷ್ಟಿತ್ತು.

ಊರ ಮನೆಗೆ ಐದು ಮೆಟ್ಟಿಲು, ಮೊಳಕಾಲೆತ್ತರದ ಹೊಸ್ತಿಲು. ಅಲ್ಲಿ ನನ್ನ ಕುರ್ಚಿ ಓಡುತ್ತಿರಲಿಲ್ಲ. ಅದಕ್ಕೆ ತುರುವೇಕೆರೆ ರಸ್ತೆಯಲ್ಲಿದ್ದ ನಮ್ಮ ತೋಟದಲ್ಲಿ, ಪಂಪಿನ ಮನೆಗೆ ಅಂಟಿಕೊಂಡಿದ್ದ ಸಿಮೆಂಟು ನೆಲದ ಕೋಣೆಯನ್ನು ಅಣ್ಣ ಖಾಲಿ ಮಾಡಿಸಿದ. ಒಂದು ಮಂಚ, ವೆಲ್ಡಿಂಗ್ ಅಂಗಡಿಯಲ್ಲಿ ನಾಲ್ಕು ಗಾಲಿ ಕೂರಿಸಿದ ಬೆತ್ತದ ಕುರ್ಚಿ, ಮೂಲೆಯಲ್ಲಿ ಆ ವರ್ಷದ ಕಾಯಿ ರಾಶಿ. ಇಷ್ಟೇ ನನ್ನ ಸಂಸಾರ. ಅವ್ವ ಅಪ್ಪ ಇಬ್ಬರೂ ಮೊದಲೇ ಹೋಗಿದ್ದರು. ಅಣ್ಣ, ಅತ್ತಿಗೆ, ಅವರ ಮಕ್ಕಳು ಒಂದು ಮೈಲಿ ಆಚೆ ಊರಲ್ಲಿ. ಮಧ್ಯಾಹ್ನದ ಬುತ್ತಿಯನ್ನು ನೀರು ಕಟ್ಟುವ ಆಳು ತಂದಿಟ್ಟು ಹೋಗುತ್ತಿದ್ದ. ಅವನ ಬಾಯಿಂದ ದಿನಕ್ಕೆ ಮೂರು ಮಾತು ಬಿದ್ದರೆ ಅದೇ ಹೆಚ್ಚು.

ಬೆಳಗ್ಗೆ ಅಣ್ಣ ಸೈಕಲ್ಲಿನಲ್ಲಿ ಬರುತ್ತಿದ್ದ. ನನ್ನ ಕಂಕುಳಿಗೆ ಕೈ ಹಾಕಿ ಎತ್ತಿ, ಎದೆಗಾನಿಸಿಕೊಂಡು ತಿರುಗಿಸಿ, ಕುರ್ಚಿಗೆ ಇಳಿಸಿ, ಬಚ್ಚಲಿಗೆ ತಳ್ಳಿಕೊಂಡು ಹೋಗಿ, ಮತ್ತೆ ತಂದು ಮಂಚದ ಮೇಲೆ ಕೂರಿಸುತ್ತಿದ್ದ. ಮೀಸೆ ಬಂದ ಗಂಡಸನ್ನು ಹೀಗೆ ಮಗುವಿನಂತೆ ಎತ್ತಿದರೆ ಹೇಗಿರುತ್ತದೆ? ನಾಚಿಕೆಯಿಂದ ಸಾಯುವಂತಾಗುತ್ತಿತ್ತು. ಒಂದು ದಿನ ಕಾಯಿ ಗಾಡಿ ತುಂಬಿಸುವ ಗಡಿಬಿಡಿಯಲ್ಲಿ ಅವನು ಬಂದದ್ದು ಹತ್ತೂವರೆಗೆ. ಅಷ್ಟರಲ್ಲಿ ನಾನು ಹಾಸಿಗೆಯಲ್ಲೇ ಕೆಡಿಸಿಕೊಂಡಿದ್ದೆ. ಅವನು ಒಂದು ಮಾತೂ ಆಡದೆ ತೊಳೆದ. ನಾನು ಗೋಡೆ ಕಡೆ ಮುಖ ಮಾಡಿ ಅವನ ಬಾಯಿಗೆ ಬಾರದ್ದನ್ನೆಲ್ಲ ನಾನೇ ನನಗೆ ಬೈದುಕೊಂಡೆ. ಅವತ್ತೇ ತೀರ್ಮಾನ ಮಾಡಿದೆ. ಮಂಚಕ್ಕೂ ಕುರ್ಚಿಗೂ ನಡುವೆ ಇದ್ದದ್ದು ಒಂದು ಮೊಳ ಜಾಗ. ಅಷ್ಟನ್ನು ಯಾರೂ ಮುಟ್ಟದೆ ನಾನೇ ದಾಟಬೇಕು.

ಮೊದಲು ತರಿಸಿದ್ದು ಸ್ಪ್ರಿಂಗು. ವಾರಪತ್ರಿಕೆಯ ಹಿಂದಿನ ಪುಟದಲ್ಲಿ ಚಡ್ಡಿ ಹಾಕಿಕೊಂಡ ಒಬ್ಬ ಭೂಪ ಎರಡು ಕೈಯಲ್ಲೂ ಹಿಡಿಕೆ ಹಿಡಿದು, ಎದೆ ಮುಂದೆ ಐದು ಸ್ಪ್ರಿಂಗುಗಳನ್ನು ಎಳೆದು ನಿಂತಿದ್ದ. ಅವನ ತೋಳು ನೋಡಿಯೇ ಮರುಳಾದೆ. ಅಂಚೆಯವನಿಗೆ ದುಡ್ಡು ಕೊಟ್ಟು ಬಿಡಿಸಿಕೊಳ್ಳುವ ವಿ.ಪಿ.ಪಿ.ಯಲ್ಲಿ ಬಂತು. ಹತ್ತು ದಿನ ಎಳೆದೆ. ಸ್ಪ್ರಿಂಗು ಬಿಡುವಾಗಲೆಲ್ಲ ಎದೆಯ ಕೂದಲನ್ನು ಕಚ್ಚಿ ಕಿತ್ತುಕೊಳ್ಳುತ್ತಿತ್ತು, ಅಯ್ಯಪ್ಪಾ! ಅಣ್ಣ ನೋಡಿ ನಕ್ಕ.

"ಲೇ, ಕೂದ್ಲು ಕೀಳಕ್ಕೆ ಇಷ್ಟು ದೂರದಿಂದ ತರಿಸ್ಬೇಕಿತ್ತಾ? ಊರಾಗೆ ಹಜಾಮ ಇರಲಿಲ್ವಾ?"

ನನಗೆ ರೇಗಿತು. ಆದರೂ ಅವನು ಹೋದ ಮೇಲೆ ಯೋಚಿಸಿದೆ. ಮೈಯೆತ್ತಬೇಕಾದರೆ ಅಂಗೈ ಊರಿ ಕೆಳಕ್ಕೆ ಒತ್ತಬೇಕು. ಈ ಸ್ಪ್ರಿಂಗು ಕಲಿಸುವುದು ಪಕ್ಕಕ್ಕೆ ಎಳೆಯುವುದನ್ನು. ಚಿತ್ರದಲ್ಲಿದ್ದವನು ಕನ್ನಡಿ ಮುಂದೆ ನಿಲ್ಲುವುದಕ್ಕೆ ತೋಳು ಬೆಳೆಸಿದ್ದ. ನಿಲ್ಲುವ ಮಾತು ನನಗೆಲ್ಲಿಂದ ಬರಬೇಕು? ಅದನ್ನು ಮೊಳೆಗೆ ನೇತುಹಾಕಿದೆ.

ಆಮೇಲಿನ ಯೋಚನೆ ನನ್ನದೇ. ಬಾವಿಗೆ ಪಂಪು ಬಂದ ಮೇಲೆ ಹಳೆಯ ರಾಟೆ ಸುಮ್ಮನೆ ಬಿದ್ದಿತ್ತು. ಅದನ್ನು ಮಂಚದ ಮೇಲಿನ ತೊಲೆಗೆ ಅಣ್ಣನಿಂದ ಕಟ್ಟಿಸಿದೆ. ಹಗ್ಗದ ಒಂದು ತುದಿಗೆ ಗೋಣಿಚೀಲ, ಇನ್ನೊಂದು ತುದಿಗೆ ಒನಕೆಯ ತುಂಡು. ಚೀಲಕ್ಕೆ ತೂಕ ಬೇಕಲ್ಲ? ತೆಂಗಿನ ತೋಟದವನಿಗೆ ತೂಕಕ್ಕೇನು ಬರ! ಮೂಲೆಯ ರಾಶಿಯಿಂದ ಹತ್ತು ಕಾಯಿ ಹಾಕಿಸಿದೆ. ಮಂಚದ ಮೇಲೆ ಕೂತು ಒನಕೆಯನ್ನು ಎರಡೂ ಕೈಯಲ್ಲಿ ಎದೆಯಿಂದ ತೊಡೆಯವರೆಗೆ ಒತ್ತಿ ಇಳಿಸಿದರೆ ಆಚೆ ಚೀಲ ಮೇಲೇರುತ್ತಿತ್ತು. ಮೊದಲ ದಿನ ನಾಲ್ಕು ಸಲಕ್ಕೇ ಒನಕೆ ಬಿಟ್ಟು ಹಿಂದಕ್ಕೊರಗಿದೆ.

ಬೇರೆ ಕೆಲಸವೇನಿತ್ತು ನನಗೆ? ಬೆಳಗ್ಗೆ ಒತ್ತುವುದು, ಮಧ್ಯಾಹ್ನ ಉಂಡು ಒತ್ತುವುದು, ಹೊತ್ತು ಇಳಿಯುವಾಗ ಒತ್ತುವುದು. ಮೊದಮೊದಲು ನೋಡಲು ಬರುತ್ತಿದ್ದ ಜೊತೆಯವರು ಒಬ್ಬೊಬ್ಬರಾಗಿ ನಿಂತುಹೋದರು. ಅವರನ್ನು ಬೈಯುವುದಿಲ್ಲ, ಬಂದಾಗಲೆಲ್ಲ ನಾನು ಮುಖ ಗಂಟಿಕ್ಕಿಕೊಂಡೇ ಕೂರುತ್ತಿದ್ದೆ. ಗೋಡೆ ಮೇಲೆ ಇದ್ದಿಲಲ್ಲಿ ಕಾಯಿಯ ಲೆಕ್ಕ ಬರೆಯುತ್ತಿದ್ದೆ. ಹತ್ತು ಹನ್ನೆರಡಾಯಿತು, ಹದಿನೈದಾಯಿತು. ಎಂಟು ತಿಂಗಳಾಗುವಷ್ಟರಲ್ಲಿ ಇಪ್ಪತ್ತೆರಡು. "ಇಪ್ಪತ್ತೆರಡು ಕಣಣ್ಣ!" ಎಂದು ಎದೆಯುಬ್ಬಿಸಿ ಹೇಳಿದರೆ ಅವನು "ಭಲೇ!" ಎಂದು ಬೆನ್ನಿಗೆ ಗುದ್ದುತ್ತಿದ್ದ.

ಒಂದು ಬೆಳಗ್ಗೆ ಅವನು ಬರುವ ಮೊದಲೇ ಕುರ್ಚಿಯ ಗಾಲಿಗೆ ಇಟ್ಟಿಗೆ ಕೊಟ್ಟು, ಒಂದು ಕೈ ಮಂಚಕ್ಕೂ ಒಂದು ಕೈ ಕುರ್ಚಿಗೂ ಊರಿದೆ. ಒತ್ತಿದೆ. ಅಂಡು ಮಂಚ ಬಿಟ್ಟು ಮೇಲೆದ್ದಿತು. ಅರ್ಧ ದಾರಿಯಲ್ಲಿ ಮೊಣಕೈ ಸೋತವು. ದೊಪ್ಪನೆ ನೆಲಕ್ಕೆ ಬಿದ್ದೆ. ಅಣ್ಣ ಬರುವವರೆಗೂ ಸಿಮೆಂಟಿನ ಮೇಲೆ ಕೆನ್ನೆಯಿಟ್ಟು ಬಿದ್ದುಕೊಂಡಿದ್ದೆ. ಇರುವೆಗಳು ಮೂಗಿನ ಮುಂದೆ ಸಾಲುಗಟ್ಟಿ ಹೋಗುತ್ತಿದ್ದವು.

ಅಣ್ಣ ಎತ್ತಿ ಕೂರಿಸಿ ಮೈಯೆಲ್ಲ ತಡವಿ ನೋಡಿದ. ಗಾಯವಿಲ್ಲ ಎಂದು ಗೊತ್ತಾದ ಮೇಲೆ, "ಇಪ್ಪತ್ತೆರಡು ಕಾಯಿ ಎತ್ತೋನು ಬಿದ್ದಿದ್ದು ಹೆಂಗ್ಲಾ?" ಎಂದ. ಹೇಳುತ್ತಲೇ ಚೀಲವನ್ನು ಒಂದೇ ಕೈಯಲ್ಲಿ ಕೊಕ್ಕೆಯಿಂದ ಬಿಡಿಸಿದ. ಬಿಡಿಸಿದವನು ಅದನ್ನು ಮೇಲೆ ಕೆಳಗೆ ಆಡಿಸಿ ನೋಡಿದ. ಒಂದು ಕಾಯಿ ತೆಗೆದು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದ. ಗಡಗಡ.

"ಅಯ್ಯೋ ನಿನ್ನ! ಇದು ಕೊಬ್ಬರಿ ಆಗೈತೆ ಕಣ್ಲಾ!"

ಕಾಯಿ ಒಣಗುತ್ತಾ ಒಣಗುತ್ತಾ ಅರ್ಧಕ್ಕರ್ಧ ಹಗುರಾಗಿತ್ತು. ನಾನು ಕಾಯಿ ಏರಿಸುತ್ತಾ ಹೋದ ಹಾಗೆ ನೀರು ಇಳಿಯುತ್ತಾ ಹೋಗಿತ್ತು. ಎಂಟು ತಿಂಗಳು ನಾನು ಒತ್ತಿದ್ದು ಹೆಚ್ಚುಕಡಿಮೆ ಮೊದಲ ದಿನದ ತೂಕವನ್ನೇ. ತಾತನ ಕಾಲದಿಂದ ಕೊಬ್ಬರಿ ಮಾಡಿಕೊಂಡು ಬಂದ ಮನೆಯವನು, ಅದನ್ನೇ ಅಲ್ಲಾಡಿಸಿ ನೋಡಲು ಹೋಗಿ ಸೊಂಟ ಮುರಿದುಕೊಂಡವನು, ಇಷ್ಟು ತಿಳಿಯಲಿಲ್ಲವಲ್ಲ! ಅಣ್ಣನಿಗೆ ನಗು ತಡೆಯಲಾಗಲಿಲ್ಲ. ನನಗೂ ನಗು ಬಂತು. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಅವನದು ನಿಂತಿತು, ನನ್ನ ಕಣ್ಣೀರು ನಿಲ್ಲಲಿಲ್ಲ.

"ಅಳಬ್ಯಾಡ ಸುಮ್ಕಿರು," ಎಂದ ಅಣ್ಣ. "ಒಣಗದೇ ಇರೋ ತೂಕ ತತ್ತೀನಿ."

ಮುಂದಿನ ಸಂತೆಯ ದಿನ ತಿಪಟೂರಿಗೆ ಹೋಗಿ ತಕ್ಕಡಿ ಮಾರುವ ಅಂಗಡಿಯಲ್ಲಿ ಕೂತನಂತೆ. ತೂಕದ ಕಲ್ಲು ಬೇಕು ಎಂದ. ಕಬ್ಬಿಣದ್ದಾದರೂ ನಾವು ಅದನ್ನು ಕಲ್ಲು ಎಂದೇ ಕರೆಯುವುದು. ಎರಡು ಕೆ.ಜಿ.ಯದು, ಐದರದು, ಹತ್ತರದು, ಒಂದೊಂದನ್ನೂ ಕೈಯಲ್ಲಿ ಹಿಡಿದು, ಎತ್ತಿ ಇಳಿಸಿ, ಹಿಡಿಕೆಯ ಸಂದಿನಲ್ಲಿ ಹಗ್ಗ ತೂರುತ್ತದೆಯೋ ಇಲ್ಲವೋ ಎಂದು ನೋಡಿದ. ಅಂಗಡಿಯವನು "ಯಜಮಾನ್ರೇ, ತಕ್ಕಡಿ ಬೇಡ್ವಾ?" ಎಂದು ಕೇಳಿದ್ದಕ್ಕೆ, "ತೂಗಕ್ಕಲ್ಲ ಕಣಪ್ಪ, ನನ್ ತಮ್ಮನ ತೋಳಿಗೆ" ಎಂದನಂತೆ. ಅಂಗಡಿಯವನು ಏನೂ ಅರ್ಥವಾಗದೆ ದುಡ್ಡು ಎಣಿಸಿಕೊಂಡ. ಬರುವಾಗ ಬಡಗಿಯ ಹತ್ತಿರ ಗೇಣುದ್ದದ ಎರಡು ಹಲಸಿನ ಕೊರಡನ್ನೂ ಕೊಯ್ಯಿಸಿಕೊಂಡು ಬಂದ. ಸೊಂಟದ ಎರಡೂ ಪಕ್ಕ ಇಟ್ಟುಕೊಂಡು, ಅವುಗಳ ಮೇಲೆ ಅಂಗೈ ಊರಿ ಮೈಯೆತ್ತುವುದಕ್ಕೆ. ಇದನ್ನು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ದಿನಾ ನನ್ನನ್ನು ಎತ್ತಿ ಎತ್ತಿ, ನನ್ನ ಮೈಗೆ ಏನು ಬೇಕೆಂದು ನನಗಿಂತ ಚೆನ್ನಾಗಿ ಅವನಿಗೆ ಗೊತ್ತಾಗಿತ್ತು.

ಹತ್ತು ಕೆ.ಜಿ.ಯಿಂದ ಮತ್ತೆ ಶುರು ಮಾಡಿದೆ. ಎಂಟು ತಿಂಗಳ ಪೊಗರೆಲ್ಲ ಇಳಿದಿತ್ತು. ಹತ್ತಕ್ಕೆ ಎರಡು ಸೇರಿಸಲು ಒಂದು ತಿಂಗಳು ಬೇಕಾಯಿತು. ಹನ್ನೆರಡಾಗಿ, ಹದಿನೈದಾಗಿ, ಹದಿನೇಳಾಯಿತು. ಕೊರಡಿನ ಮೇಲೆ ಮೈಯೆತ್ತಿ ಇಪ್ಪತ್ತು ಎಣಿಸುವವರೆಗೂ ನಿಲ್ಲಿಸಬಲ್ಲವನಾದೆ. ಅಂಗೈಯಲ್ಲಿ ದಡ್ಡು ಕಟ್ಟಿತು. ದಿನಾ ಎತ್ತುವಾಗ ಅಣ್ಣ ತೋಳು ಹಿಸುಕಿ ನೋಡುತ್ತಿದ್ದ. ಅವನು ಎತ್ತುತ್ತಲೇ ಊರ ಸುದ್ದಿ ಹೇಳುತ್ತಿದ್ದ. ಯಾರ ಹಸು ಕರು ಹಾಕಿತು, ಕಿಬ್ಬನಹಳ್ಳಿ ಕ್ರಾಸಿನಲ್ಲಿ ಯಾವ ಬಸ್ಸು ಕೆಟ್ಟು ನಿಂತಿತ್ತು, ಅತ್ತಿಗೆಗೂ ಪಕ್ಕದ ಮನೆಯಾಕೆಗೂ ಬಚ್ಚಲ ನೀರಿಗೆ ಹೇಗೆ ಜಗಳವಾಯಿತು. ನಾನು ಅರ್ಧ ಕಿವಿ ಕೊಟ್ಟು, ಇನ್ನರ್ಧದಲ್ಲಿ ಇವನು ಯಾವಾಗ ನನ್ನನ್ನು ಎತ್ತುವುದು ನಿಲ್ಲಿಸುತ್ತಾನೋ ಎಂದು ಕಾಯುತ್ತಿದ್ದೆ.

ಆ ದಿನವೂ ಬಂತು. ಯುಗಾದಿ ಕಳೆದ ಮೂರನೆಯ ದಿನ. ಕೈ ಊರಿದೆ, ಒತ್ತಿದೆ, ಎದ್ದೆ, ದಾಟಿದೆ. ಅಷ್ಟೇ. ಅಣ್ಣ ಸೈಕಲ್ಲು ನಿಲ್ಲಿಸಿ ಒಳಗೆ ಬಂದಾಗ ನಾನು ಗೋಡೆ ಹಿಡಿದು ಕುರ್ಚಿ ತಳ್ಳಿಕೊಂಡು ಬಚ್ಚಲು ಮುಗಿಸಿ, ತಲೆ ಬಾಚಿ, ಬಾಗಿಲಿಗೆ ಮುಖ ಮಾಡಿ ಕುರ್ಚಿಯಲ್ಲಿ ಕೂತಿದ್ದೆ. ಅವನು ಖಾಲಿ ಮಂಚ ನೋಡಿದ, ನನ್ನನ್ನು ನೋಡಿದ. ಎರಡೂ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡು, "ಇನ್ನು ಯಾರ ಹಂಗೂ ಇಲ್ಲ ಬುಡು ನಿಂಗೆ" ಎಂದ. ನಾನು ರಾಜನ ಹಾಗೆ ಬೀಗುತ್ತಿದ್ದೆ.

ಮಾರನೆಯ ದಿನ ಅವನು ತಡವಾಗಿ ಬಂದ. ಬಂದರೆ ಮಾಡಲು ಕೆಲಸವಿಲ್ಲ. ಬಾಗಿಲಲ್ಲೇ ನಿಂತು, "ಆಯ್ತಾ?" ಎಂದ. "ಆಯ್ತು" ಎಂದೆ. "ಬತ್ತೀನಿ ಹಂಗಾದ್ರೆ" ಎಂದು ಹೋದ. ಆಮೇಲೆ ದಿನ ಬಿಟ್ಟು ದಿನ. ಆಮೇಲೆ ಸೋಮವಾರಕ್ಕೊಮ್ಮೆ. ಅವನದೇನು ತಪ್ಪು? ಎರಡು ತೋಟ, ಹೊಲ, ದನ, ಮಕ್ಕಳು. ಎರಡು ವರ್ಷ ಆ ಎಲ್ಲ ಕೆಲಸವನ್ನು ಬದಿಗಿಟ್ಟು ಬಂದಿದ್ದ. ಈಗ ತಮ್ಮ ಗೆದ್ದಿದ್ದಾನೆ ಎಂದು ನಿಶ್ಚಿಂತನಾಗಿದ್ದ.

ಆಗ ನನಗೆ ಗೊತ್ತಾಯಿತು. ಬೆಳಗಿನ ಆ ಕಾಲು ಗಂಟೆ ಬಿಟ್ಟರೆ ನನ್ನ ಮೈಯನ್ನು ಮುಟ್ಟುವವರು ಈ ಭೂಮಿ ಮೇಲೆ ಬೇರೆ ಯಾರೂ ಇರಲಿಲ್ಲ. ನನ್ನ ಹತ್ತಿರ ಬಾಯಿ ಬಿಡುವವರೂ ಇರಲಿಲ್ಲ. ಕರೆಂಟು ಇದ್ದಾಗ ಪಂಪಿನ ಸದ್ದು, ಇಲ್ಲದಾಗ ತೋಟದಲ್ಲಿ ಎಲ್ಲೋ ಗರಿ ಬೀಳುವ ಸದ್ದು. ಪಕ್ಕದ ಮನೆಯಾಕೆಯ ಜಗಳ ಏನಾಯಿತೋ ಎಂದು ಮೂರು ದಿನ ಯೋಚಿಸುತ್ತಾ ಕೂತಿದ್ದೆನೆಂದರೆ ನಂಬಬೇಕು. ಒಂಟಿಯಾಗಿಬಿಟ್ಟೆ. ಅದೂ ನಾನೇ ಒಂದೊಂದು ಕೆ.ಜಿ. ಏರಿಸಿ ಏರಿಸಿ ತಂದುಕೊಂಡ ಒಂಟಿತನ.

ಒಂದು ಸೋಮವಾರ ನಾನು ಬೇಕೆಂದೇ ಮಂಚದಿಂದ ಏಳಲಿಲ್ಲ. ಸೈಕಲ್ಲಿನ ಸದ್ದು ಕೇಳಿದಾಗ ಗೋಡೆಗೆ ಒರಗಿಕೊಂಡೆ.

"ಯಾಕ್ಲಾ, ಎದ್ದಿಲ್ಲ?" ಅಣ್ಣ ಗಾಬರಿಯಾಗಿ ಒಳಗೆ ಬಂದ.

"ಆಗ್ತಿಲ್ಲ ಕಣಣ್ಣ. ಕೈ ಸೋಲ್ತಾವೆ."

ಅವನು ಟವಲು ಕೊಡವಿ ಹೆಗಲಿಗೆ ಹಾಕಿಕೊಂಡು, ಕಂಕುಳಿಗೆ ಕೈ ಹಾಕಿ, ಎದೆಗಾನಿಸಿಕೊಂಡು ಎತ್ತಿದ. ಬೀಡಿ ವಾಸನೆ, ಬೆವರಿನ ವಾಸನೆ. ನಾನು ಅವನ ಕುತ್ತಿಗೆಗೆ ಕೈ ಹಾಕಿ, ಬೇಕಾದ್ದಕ್ಕಿಂತ ಒಂದು ಗಳಿಗೆ ಹೆಚ್ಚು ಹಿಡಿದುಕೊಂಡೆ. ಅವನಿಗೂ ವಯಸ್ಸಾಗುತ್ತಿತ್ತು, ಏದುಸಿರು ಬಂತು. ಆದರೂ ಅವತ್ತು ಅರ್ಧ ಗಂಟೆ ಕೂತ. ಪಕ್ಕದ ಮನೆಯಾಕೆ ರಾಜಿಯಾದ ಕತೆ ಹೇಳಿದ. ನಾನು ಎಷ್ಟೋ ದಿನದ ಮೇಲೆ ನಕ್ಕೆ. ಹೋಗುವಾಗ ಅವನ ಮುಖದಲ್ಲಿ ಚಿಂತೆಯಿತ್ತು. ನನ್ನ ತೋಳನ್ನು ಹಿಸುಕಿ, "ಏನಾರಾ ಮಾಡಾನ ಇರು" ಎಂದ.

ಮಾರನೆಯ ಬೆಳಗ್ಗೆ ನಾನು ಮತ್ತೆ ಏಳದೆ ಕಾದೆ. ಎಂಟಾಯಿತು, ಒಂಬತ್ತಾಯಿತು. ಬಾಗಿಲಲ್ಲಿ ಕಂಡದ್ದು ನೀರು ಕಟ್ಟುವ ಆಳು. ಹೆಗಲ ಮೇಲಿದ್ದ ಗೋಣಿಚೀಲವನ್ನು ನೆಲಕ್ಕೆ ಇಳಿಸಿದ. ಸಿಮೆಂಟಿಗೆ ಠಣ್ ಎಂದು ತಾಗಿತು. ಇಪ್ಪತ್ತು ಕೆ.ಜಿ.ಯ ಹೊಸ ಕಲ್ಲು, ಮೇಲಿನ ಬಣ್ಣ ಇನ್ನೂ ಮಿರಮಿರ ಎನ್ನುತ್ತಿತ್ತು.

"ಗೌಡ್ರು ನಿನ್ನೆ ಮಧ್ಯಾಹ್ನವೇ ತಿಪಟೂರಿಗೆ ಹೋಗಿ ತಂದ್ರು, ಚಿಕ್ಕಗೌಡ್ರೆ. ಹಳೇ ತೂಕ ಸಾಲ್ತಾ ಇಲ್ವೇನೋ, ಅದಕ್ಕೇ ಕೈ ಸೋಲ್ತಾವೆ ಅಂದ್ರು. ಇದ್ರಾಗೆ ಮಾಡಿದ್ರೆ ಇನ್ಯಾವತ್ತೂ ಯಾರ್ನೂ ಕರೆಯಂಗಿರಲ್ಲವಂತೆ."

ಅವನು ಇಷ್ಟು ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ನಾನು ಆ ಕಲ್ಲನ್ನೇ ನೋಡುತ್ತಿದ್ದೆ.

"ಏನಾರಾ ಹೇಳ್ಬೇಕಾ ಗೌಡ್ರಿಗೆ?"

ಬರೋಕೆ ಹೇಳು. ಎರಡೇ ಮಾತು. ನಾಲಿಗೆ ತುದಿಯವರೆಗೂ ಬಂತು. ಯಾಕೆ ಬರಬೇಕು ಎಂದು ಕೇಳಿದರೆ ಹೇಳುವುದಕ್ಕೆ ಕಾರಣವಿರಲಿಲ್ಲ.

"ತೂಕ ಸರಿಯಾಗೈತೆ ಅಂತ ಹೇಳು" ಎಂದೆ.

ಅವನು ಹೋದ ಮೇಲೆ ಕೈ ಊರಿ, ಆ ಒಂದು ಮೊಳ ದಾಟಿ, ಕುರ್ಚಿಯಲ್ಲಿ ಕೂತೆ.